ಶೇಷ

ಮೊದಲು ಕೊನೆಯ ಮೆಟ್ಟಿಲು ಅಳೆ, ಎನ್ನುತ್ತಿದ್ದ ಓತಿಯಾ.
ಎಲ್ಲಿಗೆ ತಲುಪಬೇಕೋ ಅಲ್ಲಿಂದ ನೂಲು ಇಳಿಬಿಡು,
ನೆಲ ತಾನಾಗಿ ಸಿಗುತ್ತದೆ.

ಟಿಬಿಲಿಸಿಯ ಸೊಲೊಲಾಕಿಯಲ್ಲಿ, ಆ ಅಂಗಳದಲ್ಲಿ, ನೂಲು ಇಳಿದದ್ದು
ಮೂರು ಮೀಟರು ನಲವತ್ತೊಂದು ಸೆಂಟಿ.
ಮೇಲೆ ಶಾಕ್ರೊ, ಕೆಳಗೆ ಬಿಚಿಕೊ,
ಒಂದೇ ತಟ್ಟೆಯಲ್ಲಿ ಉಂಡು
ಬೆಳೆಯುತ್ತ ದಾಯಾದಿಗಳಾದವರು.
ಮನೆಯೊಳಗಿನ ಹಳೇ ಮೆಟ್ಟಿಲಿಗೆ ಅಡ್ಡ
ಆಗಲೇ ಇಟ್ಟಿಗೆ ಕಟ್ಟಿ ಗಾರೆ ಬಳಿದಿದ್ದರು.
ಗಾರೆ ಇನ್ನೂ ಹಸಿ,
ಅದರಲ್ಲಿ ಯಾರದೋ ಬೆರಳ ಗುರುತು.

ತಮ್ಮನ ಕಿಟಕಿ ಮುಂದೆ ನಾನು ಹಾಯಲಾರೆ, ಅಂದ ಅಣ್ಣ.
ನನ್ನ ಪಾಲಿನ ನೆಲದಲ್ಲಿ ಅವನ ಮರ ಊರಕೂಡದು, ಅಂದ ತಮ್ಮ.
ಓತಿಯಾ ಇಬ್ಬರಿಗೂ ತಲೆಯಾಡಿಸಿದ,
ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಒಂದು ತಿರುವು ಗೀರಿದ,
ಹಿಪ್ಪುನೇರಳೆ ಮರವನ್ನು ಬಳಸಿ.

ಹತ್ತೊಂಬತ್ತು ಏರು. ಒಂದೊಂದಕ್ಕೂ
ನೂರ ಎಪ್ಪತ್ತೊಂಬತ್ತು ಮಿಲ್ಲಿಮೀಟರು.
ಹಲಗೆಯ ಮೇಲೆ ಭಾಗಿಸಿದೆ, ಒಂಬತ್ತು ಉಳಿಯಿತು.
ಒಂಬತ್ತು ಮಿಲ್ಲಿ ಅಂದರೆ ಎಷ್ಟು ಮಹಾ,
ಕಿರುಬೆರಳಿನ ದಪ್ಪವೂ ಇಲ್ಲ,
ಕೊನೆಯ ಮೆಟ್ಟಿಲಿಗೆ ಸೇರಿಸಿಬಿಡೋಣ, ಅಂದೆ.

ಅವನು ಬೈಯಲಿಲ್ಲ.
ನಾಲ್ಕು ಹಲಗೆ ಮೆಟ್ಟಿಲಾಗಿ ಪೇರಿಸಿದ,
ನಾಲ್ಕನೆಯದರ ಕೆಳಗೆ ಒಂದು ಚಕ್ಕೆ ಇಟ್ಟ.
ತುಂಬಿದ ಬಕೀಟು ನನ್ನ ಕೈಗೆ ಕೊಟ್ಟು,
ಮರ ನೋಡುತ್ತ ಏರು, ಅಂದ.

ನನ್ನ ಅಂಗಿಯೆಲ್ಲ ನೀರು.

ಮೂರು ಮೆಟ್ಟಿಲಲ್ಲಿ ಕಾಲು ಲೆಕ್ಕ ಕಲಿಯುತ್ತದೆ ಮಗನೇ,
ನಾಲ್ಕನೆಯದರಿಂದ ನೋಡುವುದಿಲ್ಲ, ನಂಬುತ್ತದೆ.
ನಂಬಿದ್ದನ್ನು ಬೀಳಿಸುವುದು ಬಡಗಿಯ ಕೆಲಸವಲ್ಲ.

ಒಂಬತ್ತು ಮೆಟ್ಟಿಲಿಗೆ ಒಂದೊಂದು ಮಿಲ್ಲಿ ಹಂಚಿದೆವು.
ಯಾರ ಮಂಡಿಗೂ ಗೊತ್ತಾಗದಂತೆ
ಮರವನ್ನು ಸುತ್ತಿಕೊಂಡು ಶೇಷ ಮಲಗಿತು.

ತೀರಾ ಕೆಳಗಿನದು ಮಾತ್ರ
ತಮ್ಮನ ಪಾಲಿನೊಳಗೆ ಒಂದು ಗೇಣು ಚಾಚಿತ್ತು.
ಅಲ್ಲಿ ಓತಿಯಾ ಮರ ಊರಲಿಲ್ಲ,
ಕುರಾ ನದಿಯಿಂದ ಒಂದು ಚಪ್ಪಡಿ ತಂದು ಸುಮ್ಮನೆ ಇಟ್ಟ.
ಇದು ಮೆಟ್ಟಿಲಲ್ಲ, ಕಲ್ಲು. ಯಾರದ್ದೂ ಅಲ್ಲ.
ಬಿಚಿಕೊ ಅದನ್ನು ಎರಡು ಸಲ ಒದ್ದು ನೋಡಿದ,
ಆಮೇಲೆ ಅದರ ಮೇಲೇ ಕೂತು ಸಿಗರೇಟು ಹಚ್ಚಿದ.

*

ಓತಿಯಾ ಹೋದ. ಅವನ ಉಳಿ ಉಳಿಯಿತು,
ಹಿಡಿ ಮಾತ್ರ ನಾನು ಎರಡು ಸಲ ಬದಲಿಸಿದ್ದೇನೆ.
ಇಪ್ಪತ್ತಾರು ವರ್ಷದ ಮೇಲೆ
ಶಾಕ್ರೊನ ಮಗಳು ಜುಜುನಾ ಹೇಳಿಕಳಿಸಿದಳು:
ಪ್ರತಿ ಜೂನಿನಲ್ಲೂ ಹಣ್ಣುದುರಿ, ನೇರಳೆ ರಸ ಇಳಿದೂ ಇಳಿದೂ
ಏಳನೆಯ ಹಲಗೆ ಕೊಳೆತಿದೆ.

ರಸಮಟ್ಟ ಇಟ್ಟು ನೋಡಿದೆ.
ಚೆಸ್ಟ್‌ನಟ್ ಮರ, ಗಟ್ಟಿ ಅನ್ನುತ್ತಾರೆ, ಆದರೂ ಸವೆದಿತ್ತು.
ಮೇಲಿನವು ಕಟಕಟೆಯ ಬದಿಗೆ, ನಡೆದ ಕಾಲಿಗೆ.
ಎರಡನೆಯದು ನಡುವಿನಲ್ಲಿ, ಅಗಲಕ್ಕೆ, ಅಕ್ಕಪಕ್ಕ ಎರಡು ತಗ್ಗು,
ನಡೆದು ಆಗುವ ತಗ್ಗಲ್ಲ ಅದು.
ಯಾರು ಯಾರು ಕೂತಿದ್ದರೋ, ಕೇಳಲಿಲ್ಲ.
ಒಳಗಿನ ಇಟ್ಟಿಗೆ ಗೋಡೆ ಹಾಗೇ ಇತ್ತು.

ಆರು, ಎಂಟನೆಯದರ ತಗ್ಗು ಅಳೆದೆ.
ಸುಳ್ಳೇಕೆ, ಒಂಬತ್ತು ಇರಲಿ ಅಂತ ಆಸೆಯಿತ್ತು.
ಹನ್ನೊಂದಿತ್ತು.

ಹಳೇ ನಕ್ಷೆಯ ಪ್ರಕಾರ ಹೊಸ ಹಲಗೆ ಕೂರಿಸಿದರೆ
ಹನ್ನೊಂದು ಮಿಲ್ಲಿ ಎತ್ತರಕ್ಕೆ ತಲೆಯೆತ್ತುತ್ತದೆ,
ಕತ್ತಲಲ್ಲಿ ಇಡೀ ಮನೆ ಎಡವುತ್ತದೆ.
ಆಗ ಸರಿಯಿದ್ದ ಅಳತೆ.

ಕೀಸುಳಿ ಹಿಡಿದು ತಗ್ಗು ತೆಗೆಯತೊಡಗಿದೆ.
ಹೊಸ ಮರ ಯಾಕೆ ಹಾಳು ಮಾಡ್ತೀಯ, ಅಂದಳು ಜುಜುನಾ.
ಕಾಲ ಸುತ್ತ ಸುರುಳಿ ಸುರುಳಿ ಚಕ್ಕೆ.
ಓತಿಯಾ ಇದ್ದಿದ್ದರೆ ಬೈಯುತ್ತಿದ್ದನೋ ಏನೋ.
ಒಂದು ಬಕೀಟು ನೀರು ತುಂಬಿಸಿ ಕೊಡು, ಅಂದೆ.

ಮರ ನೋಡುತ್ತ ಏರಿದೆ.
ಏಳನೆಯದು ಯಾವಾಗ ದಾಟಿತೋ,
ಕೆಳಗೆ ಆ ಕಲ್ಲಿನ ಮೇಲೆ ಯಾರೋ ಕೆಮ್ಮಿದರು.